ಅಧ್ಯಾಪಕ ವೃತ್ತಿಯೂ ಚುನಾಯಿತ ಪದವಿಯೂ

ಕಾಲೇಜಿನಲ್ಲಿ ವೇತನ ಪಡೆದು ಪಾಠ ಹೇಳುತ್ತಿರುವ ಅಧ್ಯಾಪಕರು ಅದೇ ಕಾಲದಲ್ಲಿ ಪುರಸಭೆಯಲ್ಲಿಯೋ ವಿಧಾನಮಂಡಲದಲ್ಲಿಯೋ ಚುನಾಯಿತ ಸದಸ್ಯರಾಗಿ ಕುಳಿತುಕೊಳ್ಳಬಹುದೆ ಎಂಬ ಪ್ರಶ್ನೆ ಚುನಾವಣೆ ಬಂದಾಗಲೆಲ್ಲ ತಲೆಯೆತ್ತುತ್ತದೆ. ಮತ ಎಣಿಕೆ ಮುಗಿದೊಡನೆ ಮಲಗಿಬಿಡುತ್ತದೆ. ಸರ್ಕಾರದ ಅನುದಾನವನ್ನೂ ದಾನಿಗಳ ದ್ರವ್ಯವನ್ನೂ ನಂಬಿ ಮಠಗಳು ನಡೆಸುವ ವಿದ್ಯಾಸಂಸ್ಥೆಗಳು ಇದನ್ನು ಅಷ್ಟು ಸುಲಭವಾಗಿ ಮಲಗಿಸುವಂತಿಲ್ಲ.

ಬಂಗಾರಪೇಟೆಯ ಸರ್ಕಾರಿ ಪ್ರಥಮದರ್ಜೆ ಕಾಲೇಜಿನ ಅಧ್ಯಾಪಕರ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅವರು ರಾಜ್ಯದ ನೌಕರರು. 1966ರ ನಡತೆ ನಿಯಮಗಳೂ, ಅವುಗಳ ಸ್ಥಾನದಲ್ಲಿ 2021ರಲ್ಲಿ ಬಂದ ನಿಯಮಗಳೂ ಅವರನ್ನು ಚುನಾವಣಾ ಕಣದಿಂದ ದೂರವಿರಿಸಿವೆ. ಖಾಸಗಿ ಆಡಳಿತದ ಕಾಲೇಜುಗಳ ಮಾತು ಬೇರೆ. ಸರ್ಕಾರದ ಅಧೀನದಲ್ಲಿ ಲಾಭದ ಹುದ್ದೆಯನ್ನು ಹೊಂದಿದವರು ಶಾಸಕರಾಗಲು ಅನರ್ಹರೆಂದು ಸಂವಿಧಾನದ 191ನೆಯ ಅನುಚ್ಛೇದ ಹೇಳುತ್ತದೆ. ಸರ್ಕಾರದ ಅಧೀನವೆಂದರೆ ಏನು ಎಂಬುದರಲ್ಲಿಯೇ ವಾದವೆಲ್ಲ ಅಡಗಿದೆ. 1967ರಲ್ಲಿ ಭದ್ರಾವತಿಯಿಂದ ಶಾಸನಸಭೆಗೆ ಆಯ್ಕೆಯಾದ ಅಬ್ದುಲ್ ಖುದ್ದೂಸ್ ಅನ್ವರ್ ಅವರು ಅಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕಂಪನಿಯ ನೌಕರರಾಗಿದ್ದರು. ಕಂಪನಿ ಸರ್ಕಾರದ್ದಾದ ಮಾತ್ರಕ್ಕೆ ಅದರ ನೌಕರರು ಸರ್ಕಾರದ ಅಧೀನರಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ತೀರ್ಮಾನಿಸಿತು. ಅದಕ್ಕೂ ಹಿಂದೆ, 1950ರ ದಶಕದಲ್ಲಿ, ಅಜ್ಮೀರದ ದರ್ಗಾ ಸಮಿತಿಯ ಶಾಲೆಯ ವ್ಯವಸ್ಥಾಪಕರೊಬ್ಬರ ರಾಜ್ಯಸಭಾ ಸದಸ್ಯತ್ವವೂ ಇದೇ ಬಗೆಯಾಗಿ ಉಳಿದುಕೊಂಡಿತು. ಆದರೆ ಆ ತೀರ್ಪಿಗೆ ಮುಖ್ಯ ಆಧಾರವಾದುದು ಅವರ ಸಂಬಳ ಸರ್ಕಾರದ ಬೊಕ್ಕಸದಿಂದ ಬರುತ್ತಿರಲಿಲ್ಲವೆಂಬ ಸಂಗತಿ. ಇಂದಿನ ಅನುದಾನಿತ ಕಾಲೇಜುಗಳ ಅಧ್ಯಾಪಕರು ಆ ತೀರ್ಪನ್ನು ಆಶ್ರಯಿಸುವ ಮುನ್ನ ತಮ್ಮ ವೇತನದ ಮೂಲವನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಕಾನೂನು ಬಾಗಿಲನ್ನು ಅರೆ ತೆರೆದಿರಿಸಿದ ಮಾತ್ರಕ್ಕೆ ಒಳಹೊಗುವುದು ಉಚಿತವೆ ಎಂಬುದು ಬೇರೆ ವಿಚಾರ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಹೇಳಬೇಕು. ಬೆಳಗಾವಿಯಲ್ಲಿ ಅಧಿವೇಶನ ಸೇರಿದಾಗ, ಐನೂರು ಕಿಲೋಮೀಟರಿಗೂ ದೂರದ ಬಂಗಾರಪೇಟೆಯ ತರಗತಿಯಲ್ಲಿ ಆ 16 ಗಂಟೆಗಳನ್ನು ತುಂಬುವವರಾರು? ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೀಕ್ಷ್ಣತೆಯುಂಟು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ತಂದೆಯ ಕೆಲಸ ಮಗನಿಗೆ ದೊರೆಯುವ ದಾರಿ ಅಳಿಯಿತು. ಮಾರಿಕುಪ್ಪಂನಿಂದ ಹೊರಡುವ ಮುಂಜಾನೆಯ ರೈಲು ಊರಿನ ದುಡಿಯುವ ಜನರನ್ನು ಬೆಂಗಳೂರಿಗೆ ಒಯ್ಯುತ್ತದೆ. ಅಂತಹ ಮನೆಯ ಹುಡುಗಿಯೊಬ್ಬಳಿಗೆ ಪದವಿಯ ಮೂರು ವರ್ಷಗಳು ಮತ್ತೆ ಬರುವಂತಹವಲ್ಲ. ಖಾಸಗಿ ಪಾಠಕ್ಕೆ ಹಣ ತೆರಲಾರದ ಅವಳ ಪಾಲಿಗೆ ಬರಿದಾದ ಕುರ್ಚಿ ಎಂದರೆ ತಪ್ಪಿಹೋದ ಪಾಠ, ಅಷ್ಟೆ. ಅಧ್ಯಾಪಕರು ಸದನದಲ್ಲಿ ಎಷ್ಟೇ ಘನವಾದ ಭಾಷಣ ಮಾಡಿದರೂ ಆ ಪಾಠ ಹಿಂದಿರುಗದು.

ಹಾಗೆಂದು ಅಧ್ಯಾಪಕರನ್ನು ರಾಜಕಾರಣದಿಂದ ಶಾಶ್ವತವಾಗಿ ಹೊರಗಿಡುವುದೂ ನ್ಯಾಯವಲ್ಲ. ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೆ ಮೀಸಲಾಗಿವೆ. ಕೋಲಾರ ಜಿಲ್ಲೆ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ಮತ ಹಾಕುವವರು ಪ್ರೌಢಶಾಲೆಗೆ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಕನಿಷ್ಠ ಮೂರು ವರ್ಷ ಪಾಠ ಹೇಳಿದವರಾಗಿರಬೇಕು. (ಪ್ರಾಥಮಿಕ ಶಾಲೆಯ ಗುರುಗಳು ಮಾಡಿದ ಅಪರಾಧವೇನೋ ತಿಳಿಯದು.) ಆಯ್ಕೆಯಾಗುವವರು ಮಾತ್ರ ಶಿಕ್ಷಕರೇ ಆಗಿರಬೇಕಾಗಿಲ್ಲ. ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರನಾಗಿರಬೇಕಿಲ್ಲವೆಂದು ಮದರಾಸಿನ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1972ರಲ್ಲಿಯೇ ಹೇಳಿದೆ. ಹೀಗಾಗಿ ಶಿಕ್ಷಕರ ಪ್ರತಿನಿಧಿಯಾಗಲು ಎಂದೂ ಸೀಮೆಸುಣ್ಣ ಹಿಡಿಯದವರಿಗೆ ಅಡ್ಡಿಯಿಲ್ಲ. ಸೇವೆಯಲ್ಲಿರುವ ಸರ್ಕಾರಿ ಅಧ್ಯಾಪಕರು ಮಾತ್ರ ಜೀವನೋಪಾಯವನ್ನೇ ತೊರೆದು ಬರಬೇಕು. ಗೋಪಾಲಕೃಷ್ಣ ಅಡಿಗರು ಉಡುಪಿಯ ಪ್ರಾಚಾರ್ಯ ಪದವಿಯನ್ನು ಬಿಟ್ಟು 1971ರ ಲೋಕಸಭಾ ಚುನಾವಣೆಗೆ ನಿಂತು ಸೋತರು. ಅಷ್ಟು ದೊಡ್ಡ ಕವಿಗೆ ಮುಂದೆ ಬೇರೆ ದಾರಿಗಳು ತೆರೆದವು. ಸಂಸಾರವಂದಿಗರಾದ ಸಾಮಾನ್ಯ ಅಧ್ಯಾಪಕರು ಅಂತಹ ಪಣವನ್ನು ಒಡ್ಡಲಾರರು. ಕಣದಲ್ಲಿ ಉಳಿಯುವವರು ಧನಿಕರು, ಇಲ್ಲವೆ ನಿವೃತ್ತರು.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ರಾಜ್ಯಕಾರ್ಯವನ್ನು ನಿರ್ವಹಿಸಿದವರು. ರಾಜಕಾರಣ ಶರಣರಿಗೆ ಮೈಲಿಗೆಯಾಗಿರಲಿಲ್ಲ. ಆದರೆ ಪರಂಪರೆ ಹೇಳುವಂತೆ ಅನುಭವ ಮಂಟಪದ ಶೂನ್ಯಸಿಂಹಾಸನವನ್ನು ಏರಿದವರು ಅಲ್ಲಮಪ್ರಭುಗಳು, ಭಂಡಾರಿಯಲ್ಲ. ಎರಡು ಪೀಠಗಳ ಭೇದವನ್ನು ಕಲ್ಯಾಣದವರು ಬಲ್ಲವರಾಗಿದ್ದರು.

ಆದುದರಿಂದ ಅಧ್ಯಾಪಕರು ಸ್ಪರ್ಧಿಸಲಿ. ಗೆದ್ದರೆ ಪದಾವಧಿ ಮುಗಿಯುವವರೆಗೂ ವೇತನರಹಿತ ರಜೆಯ ಮೇಲಿರಲಿ. ಅವರ ಹುದ್ದೆಯ ಹಕ್ಕು ಉಳಿಯಬೇಕು, ಆ ಸ್ಥಾನದಲ್ಲಿ ಪೂರ್ಣ ವೇತನದ ಬದಲಿ ಅಧ್ಯಾಪಕರು ನೇಮಕವಾಗಬೇಕು. ರಜೆಯ ಅವಧಿಯಲ್ಲಿ ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಪ್ರವೇಶ ಸಮಿತಿಗಳ ಹತ್ತಿರವೂ ಅವರು ಸುಳಿಯಕೂಡದು. ಪುರಸಭೆಯ ಸದಸ್ಯತ್ವವೂ ಇದಕ್ಕೆ ಹೊರತಲ್ಲ: ಸಭೆಗಳು ಕಡಿಮೆಯೆಂಬ ಸಮಾಧಾನ ಹೇಳಬಹುದು, ಆದರೆ ಸಣ್ಣ ಊರಿನಲ್ಲಿ ನಲ್ಲಿ ನೀರಿನ ಜಗಳಕ್ಕೆ ಬಂದ ವಿರೋಧಿಯ ಮಗ ಅದೇ ಅಧ್ಯಾಪಕರ ಮುಂದೆ ಆಂತರಿಕ ಅಂಕಗಳಿಗಾಗಿ ನಿಂತಿರುತ್ತಾನೆ.

ಆಡಳಿತ ಮಂಡಳಿಗಳಿಗೂ ಒಂದು ಮಾತು ಸಲ್ಲುತ್ತದೆ. ಅಧ್ಯಾಪಕರು ತಾವಾಗಿ ಸ್ಪರ್ಧಿಸಿದರೆ ಶಿಸ್ತಿನ ಮಾತನಾಡುವ ಕೆಲವು ಮಂಡಳಿಗಳು, ತಮಗೆ ಬೇಕಾದ ಅಭ್ಯರ್ಥಿಯ ಪರವಾಗಿ ಅದೇ ಅಧ್ಯಾಪಕರನ್ನು ತರಗತಿ ಬಿಡಿಸಿ ಮನೆಮನೆಗೆ ಕಳುಹಿಸುವುದುಂಟು. ರಜೆಯ ನಿಯಮವನ್ನು ಬರೆಯುವ ದಿನ ಈ ಪದ್ಧತಿಯನ್ನು ನಿಷೇಧಿಸುವ ವಾಕ್ಯವೂ ಅದರಲ್ಲಿ ಸೇರಬೇಕು. ಅದಕ್ಕೆ ಮೊದಲ ಸಹಿ ಮಂಡಳಿಯ ಅಧ್ಯಕ್ಷರದಾಗಿರಬೇಕು.