ಪ್ಲಂಜರ್ ಮಾರಾಟ: ಎಲ್ಲಕ್ಕೂ ಒಂದೇ ಸಲ್ಲದು

ಪ್ಲಂಜರ್ ಕೇಳಿದ ಗಿರಾಕಿಗೆ ಎಷ್ಟೋ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಟ್ಟಲಿನಾಕಾರದ ಒಂದೇ ಬಗೆಯ ರಬ್ಬರ್ ಸಾಧನವನ್ನು ಕೊಟ್ಟು ಕಳುಹಿಸುವ ರೂಢಿಯಿದೆ; ಇದು ಸರಿಯಲ್ಲ. ಸಮತಟ್ಟಾದ ಸಿಂಕಿಗೆ ಅದು ಸಾಕು. ಕಮೋಡಿಗಾದರೋ ಬಟ್ಟಲಿನೊಳಗಿನಿಂದ ಕೆಳಕ್ಕೆ ಚಾಚುವ ಮಡಿಕೆಯುಳ್ಳದ್ದೇ ಬೇಕು. ಅಂಚು ಕಚ್ಚಿ ಕೂರದಿದ್ದರೆ ಗಾಳಿ ನುಸುಳಿ ಒತ್ತಡವೇ ಉಂಟಾಗದು. ರಬ್ಬರಿನ ಅಂಚು ನೀರಿನಲ್ಲಿ ಮುಳುಗಿರಬೇಕು, ವಾಷ್‌ಬೇಸಿನ್ನಿನ ಮೇಲ್ಭಾಗದ ರಂಧ್ರವನ್ನು ಒದ್ದೆಬಟ್ಟೆಯಿಂದ ಮುಚ್ಚಬೇಕು ಎಂದು ತಿಳಿಸುವ ವ್ಯಾಪಾರಿಗಳಂತೂ ವಿರಳ. ಪರಿಣಾಮವಾಗಿ ಗಿರಾಕಿಯು ಮಾಲನ್ನೇ ಹಳಿದು ಆಸಿಡ್ ಸುರಿಯುತ್ತಾನೆ. ಆ ಬಳಿಕ ಮತ್ತೆ ಪ್ಲಂಜರ್ ಒತ್ತಿದರೆ ಸಿಡಿದ ಹನಿ ಕಣ್ಣನ್ನೇ ಸುಟ್ಟೀತು. ಸಣ್ಣ ರಬ್ಬರ್ ಘಟಕಗಳು ಎರಡೂ ಬಗೆಗಳನ್ನು ತಯಾರಿಸಿ, ಬಳಸುವ ಕ್ರಮವನ್ನೂ ಈ ಎಚ್ಚರಿಕೆಯನ್ನೂ ಕನ್ನಡದಲ್ಲಿ ಮುದ್ರಿಸಿದ ಚೀಟಿಯನ್ನು ಹಿಡಿಕೆಗೇ ಕಟ್ಟಿ ಮಾರುಕಟ್ಟೆಗೆ ಕಳುಹಿಸುವುದು ಒಳಿತು.