ಬಚ್ಚಿಟ್ಟ ಮಾತು

ಸಂಬಳವು ನಿಂತ ಮಾತ್ರಕ್ಕೆ ಸಂಸಾರವು ಒಡೆಯುವುದಿಲ್ಲ. ನಿಂತುದನ್ನು ಬಚ್ಚಿಟ್ಟರೆ ಒಡೆಯುವುದು. ಈ ಮಾತು ಮನಸ್ಸಿಗೆ ನಾಟುವಂತೆ ಮಾಡಿದ ಚಿತ್ರವೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಜಪಾನಿನ ಕಿಯೋಷಿ ಕುರೊಸಾವಾ ಎಂಬವರು ನಿರ್ದೇಶಿಸಿದ 'ಟೋಕಿಯೋ ಸೊನಾಟಾ' ಎಂಬುದೇ ಅದು. 2008ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಬಹುಮಾನವನ್ನೂ ಪಡೆಯಿತು.

ಸಸಾಕಿ ನಡುವಯಸ್ಸಿನ ಗೃಹಸ್ಥ. ಅವನ ಕೆಲಸವನ್ನು ಕಡಮೆ ಸಂಬಳಕ್ಕೆ ಮಾಡುವವರು ಚೀನಾದಲ್ಲಿ ದೊರೆತುದರಿಂದ ಕಂಪನಿಯಲ್ಲಿ ಅವನಿಗೆ ಸ್ಥಾನವಿಲ್ಲದಾಗುತ್ತದೆ. ಮನೆಯಲ್ಲಿ ಅದನ್ನು ಹೇಳಲು ಅವನಿಗೆ ಬಾಯಿ ಬಾರದು. ನಿತ್ಯವೂ ಎಂದಿನ ಉಡುಪು ಧರಿಸಿ, ಚೀಲ ಹಿಡಿದು ಹೊರಡುತ್ತಾನೆ. ಉದ್ಯಾನದಲ್ಲಿ ಧರ್ಮಾರ್ಥವಾಗಿ ಹಂಚುವ ಅನ್ನಕ್ಕೆ ಸಾಲಿನಲ್ಲಿ ನಿಲ್ಲುತ್ತಾನೆ. ಅಲ್ಲಿ ಸಿಕ್ಕಿದ ಹಳೆಯ ಸಹಪಾಠಿಯದೂ ಅದೇ ಗತಿ. ಉದ್ಯೋಗಸ್ಥನಂತೆ ತೋರಲೆಂದು ಆತನು ತನ್ನ ಫೋನು ಗಂಟೆಗೆ ಐದು ಸಲ ತಾನಾಗಿ ಬಾರಿಸುವಂತೆ ಏರ್ಪಡಿಸಿಕೊಂಡಿರುವನು! ನಾವು ನಕ್ಕೆವು. ಆತನ ಕಥೆಯು ಸಾವಿನಲ್ಲಿ ಮುಗಿದಾಗ ನಕ್ಕುದಕ್ಕೆ ನಾಚಿದೆವು.

ಇತ್ತ ಸಸಾಕಿಯ ಕಿರಿಯ ಮಗ ಕೆಂಜಿ, ಶಾಲೆಯ ಊಟದ ಹಣದಿಂದ ಗುಟ್ಟಾಗಿ ಪಿಯಾನೋ ಕಲಿಯುತ್ತಾನೆ. ಅದು ತಿಳಿದೊಡನೆ ತಂದೆ ಕೆರಳಿ ಹೊಡೆಯುತ್ತಾನೆ. ಮಗನ ಸುಳ್ಳನ್ನು ದಂಡಿಸುವಾತನೇ ದಿನವೂ ಮನೆಮಂದಿಗೆಲ್ಲ ಸುಳ್ಳಾಡುತ್ತಿರುವನು! ಹೆಂಡತಿ ಮೆಗುಮಿಯಾದರೋ, ಆ ಅನ್ನದ ಸಾಲಿನಲ್ಲಿ ಗಂಡನನ್ನು ಕಂಡೂ ಸುಮ್ಮನಿದ್ದವಳು. ತನ್ನ ಯಜಮಾನಿಕೆ ಉಳಿಯಿತೆಂದು ಅವನು ಬಗೆದಿದ್ದಾಗಲೇ ಅದು ಹೋಗಿಬಿಟ್ಟಿತ್ತು. ಹಿರಿಯ ಮಗನು ಮನೆಯನ್ನೇ ತೊರೆದು ಅಮೆರಿಕದ ಸೈನ್ಯಕ್ಕೆ ಸೇರುತ್ತಾನೆ.

ಉತ್ತರಾರ್ಧದಲ್ಲಿ ಬರುವ ಕಳ್ಳನ ಪ್ರಸಂಗವು ನಮಗೆ ಅಸಹಜವೆನಿಸಿತು. ಆದರೂ ಆ ಘೋರ ರಾತ್ರಿ ಕಳೆದ ಮೇಲಣ ನೋಟವೊಂದನ್ನು ಮರೆಯಲಾರೆವು. ಹೊಟ್ಟೆಪಾಡಿಗೆ ಗುಡಿಸಿ ತೊಳೆಯುವ ಕೆಲಸ ಹಿಡಿದಿದ್ದ ಸಸಾಕಿ, ಅದೇ ಕೆಲಸದ ಉಡುಪಿನಲ್ಲಿ ಮನೆಗೆ ಬಂದು, ಹೆಂಡತಿ ಮಗನೊಡನೆ ಉಣ್ಣುತ್ತಾನೆ. ಮರೆಮಾಚಲು ಇನ್ನೇನೂ ಉಳಿದಿಲ್ಲ. ಕಡೆಯಲ್ಲಿ ಸಂಗೀತ ಶಾಲೆಯ ಪರೀಕ್ಷೆಯಲ್ಲಿ ಕೆಂಜಿಯು ಡೆಬ್ಯುಸಿಯ ಕೃತಿಯನ್ನು ನುಡಿಸುವಾಗ, ತಾನೇ ನಿಷೇಧಿಸಿದ್ದ ಆ ವಿದ್ಯೆಯನ್ನು ತಂದೆ ಮೌನವಾಗಿ ಕೇಳುತ್ತಾನೆ.

ವಾಚಕ ಮಹಾಶಯರೇ, ಮಾನವಂತನಿಗೆ ತನ್ನ ಸೋಲನ್ನು ಹೇಳಿಕೊಳ್ಳುವುದು ಸುಲಭವೆಂದು ನಾವು ಹೇಳೆವು. ಆದರೆ ಮನೆಯೊಡತಿಗೆ ತಿಳಿಯದ ಕಷ್ಟವೆಂಬುದು ಬಲು ಅಪರೂಪ. ಅವಳು ಕಾಯುವುದು ಆ ಮಾತು ಗಂಡನ ಬಾಯಿಂದ ಬರಲೆಂದು ಮಾತ್ರ. ಕೆಲಸ ಹೋದ ದಿನದ ಸಂಜೆಯೇ ಅದನ್ನು ಆಡಿಬಿಟ್ಟರೆ, ಅಂದಿನ ಊಟವು ರುಚಿಸದಿದ್ದರೂ ನಾಳಿನ ದಾರಿಯನ್ನು ಹುಡುಕಲು ಇಬ್ಬರಿರುವರು.