ಮದುವೆಯ ಚಿಂತೆಗಿಂತ ಕಣ್ಣು ದೊಡ್ಡದು

ಹದಿನಾಲ್ಕರ ಮಗಳು ‘ಅಮ್ಮಾ, ಒಂದು ಕಣ್ಣು ಮಂಜು ಮಂಜು’ ಅಂದರೆ ನಾವು ಏನು ಹೇಳ್ತೀವಿ? ‘ಮೊದಲು ಆ ಮೊಬೈಲ್ ಕೆಳಗಿಡು’ ಅಂತ. ಎಷ್ಟೋ ಸಲ ಕನ್ನಡಕದ ನಂಬರ್ ಬದಲಿಸಿದರೆ ಸರಿಹೋಗುತ್ತದೆ, ನಿಜ. ಆದರೆ ಒಂದೇ ಕಣ್ಣು ಎರಡು ಮೂರು ದಿನದಲ್ಲಿ ಮಂಕಾಗಿ, ಹೊರಳಿಸಿದಾಗ ನೋವಾಗಿ, ಕೆಂಪು ಬಣ್ಣ ಮಾಸಿದಂತೆ ಕಂಡರೆ ಅದು ಕಣ್ಣಿನ ನರದ ಉರಿಯೂತ ಇರಬಹುದು. ತಡಮಾಡಬೇಡಿ.

ಅನೇಕ ಮಕ್ಕಳಿಗೆ ಇದು ಒಮ್ಮೆ ಬಂದು ಹೋಗುತ್ತದೆ. ಕೆಲವರಲ್ಲಿ ಮಾತ್ರ ಇದು ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಮೊದಲ ಸುಳಿವು. ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ ಇದು. ಸಾಮಾನ್ಯವಾಗಿ 20ರಿಂದ 40ರೊಳಗೆ ಕಾಣಿಸಿಕೊಂಡರೂ, ನೂರು ರೋಗಿಗಳಲ್ಲಿ ಸುಮಾರು 3ರಿಂದ 5 ಮಂದಿಗೆ 18 ತುಂಬುವ ಮೊದಲೇ ಶುರುವಾಗುತ್ತದೆ. ಮೈನೆರೆದ ಮೇಲೆ ಹೆಣ್ಣುಮಕ್ಕಳಲ್ಲೇ ಹೆಚ್ಚು.

ಕೆಲವು ವಾರಗಳಲ್ಲಿ ದೃಷ್ಟಿ ಮರಳಿದರೆ ನಾವು ನಿರಾಳ. ಒಳಗೆ ಮಾತ್ರ ರೆಟಿನಾದ ನರತಂತುಗಳ ಪದರ ತೆಳ್ಳಗಾಗಿರುತ್ತದೆ. ಸವೆದದ್ದು ಮತ್ತೆ ಬೆಳೆಯೋದಿಲ್ಲ. ಕಣ್ಣಿಗೆ ಒಮ್ಮೆಯೂ ತೊಂದರೆಯಾಗದ ರೋಗಿಗಳಲ್ಲೂ ಈ ಸವೆತ ಕಂಡುಬಂದಿದೆ. ಇದನ್ನು ಅಳೆಯುವ ಓಸಿಟಿ ಸ್ಕ್ಯಾನ್‌ಗೆ ಸೂಜಿ ಬೇಡ, ನೋವಿಲ್ಲ, ಕೆಲವೇ ನಿಮಿಷ ಸಾಕು.

ನೇತ್ರತಜ್ಞರ ಜೊತೆ ನರರೋಗ ತಜ್ಞರನ್ನೂ ಕಾಣಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ‘ಈಗ ಚೆನ್ನಾಗಿ ಕಾಣ್ತಿದೆಯಲ್ಲ’ ಅಂತ ನೀವಾಗಿಯೇ ಔಷಧಿ ನಿಲ್ಲಿಸಬೇಡಿ. ಮರುದಾಳಿಗಳನ್ನು ಕಡಿಮೆ ಮಾಡುವ ಔಷಧಿಗಳು ಇವೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು. ‘ಹೆಣ್ಣುಹುಡುಗಿ, ನಾಳೆ ಮದುವೆಗೆ ತೊಂದರೆ’ ಅಂತ ಕಾಯಿಲೆ ಮುಚ್ಚಿಟ್ಟರೆ ಕಳೆದುಕೊಳ್ಳುವವಳು ಅವಳೇ ಅಲ್ಲವೇ?